ಹೆಸರಿನ ಮುಂದಿನ ಒಂದಕ್ಷರ



ಕಂಬಂ ಕಣಿವೆಯಲ್ಲಿ, ತೇನಿಯ ಸುತ್ತಿನ ಊರುಗಳಲ್ಲಿ, ದಿಂಡಿಗಲ್ಲಿನ ಕಡೆ ನೆಲೆಸಿರುವ ನಮ್ಮವರ ಹೆಸರುಗಳನ್ನು ಒಮ್ಮೆ ಗಮನಿಸಿ ನೋಡಿರಿ. ಪ್ರತಿಯೊಬ್ಬರ ಹೆಸರಿನ ಮುಂದೆಯೂ ಒಂದು ಅಕ್ಷರ, ಅದರ ಪಕ್ಕದಲ್ಲಿ ಒಂದು ಚುಕ್ಕೆ ಇರುತ್ತದೆ. ಆ ಅಕ್ಷರ ಅಪ್ಪನದು. ಮದುವೆಯಾದ ಹೆಣ್ಣುಮಗಳಾದರೆ ಗಂಡನದು. ರೇಷನ್ ಕಾರ್ಡು, ಬ್ಯಾಂಕಿನ ಪಾಸ್ ಪುಸ್ತಕ, ಶಾಲೆಯ ಹಾಜರಿ, ತೋಟದ ಪಟ್ಟಾ ಎಲ್ಲದರಲ್ಲೂ ಅದೇ ಅಕ್ಷರ ನಮ್ಮನ್ನು ಹಿಂಬಾಲಿಸುತ್ತದೆ. ಅದರ ಜೊತೆಗೆ ಈಗ ಇನ್ನೊಂದು ಬಗೆಯ ಸಂಕ್ಷೇಪವೂ ಮನೆಯೊಳಗೆ ಬಂದಿದೆ. ಪಟ್ಟಣದಲ್ಲಿ ಓದಿ ಕೆಲಸಕ್ಕೆ ಸೇರಿದ ಮಕ್ಕಳು ಮೊಬೈಲಿನಲ್ಲಿ ಅತ್ತೆಯನ್ನು ‘ಎಂ.ಐ.ಎಲ್.’ ಎಂದೂ ನಾದಿನಿಯನ್ನು ‘ಎಸ್.ಐ.ಎಲ್.’ ಎಂದೂ ಬರೆಯುತ್ತಾರೆ. ಗಂಡನನ್ನು ‘ಡಿ.ಎಚ್.’ ಎನ್ನುವುದುಂಟು, ಅದು ‘ಪ್ರಿಯ ಪತಿ’ ಎಂಬುದರ ಇಂಗ್ಲಿಷ್ ಮೊದಲಕ್ಷರಗಳಂತೆ.

ಹೀಗೆ ಹೆತ್ತವರನ್ನು, ಕೈಹಿಡಿದವರನ್ನು, ಬಂಧುಬಳಗವನ್ನು ಒಂದೆರಡು ಅಕ್ಷರಗಳಿಗೆ ಇಳಿಸಿಬಿಡುವುದು ಸರಿಯೇ? ಮೇಲ್ನೋಟಕ್ಕೆ ಇದು ಪ್ರಶ್ನೆಯೇ ಅಲ್ಲ ಎನಿಸಬಹುದು. ಕಾಗದದ ಮೇಲೆ ಜಾಗ ಉಳಿಯುತ್ತದೆ, ಹೊತ್ತು ಉಳಿಯುತ್ತದೆ, ಯಾರಿಗೇನು ನಷ್ಟ ಎಂದು ಕೇಳುವವರಿದ್ದಾರೆ. ನಷ್ಟ ಆಗುವುದುಂಟು, ಆಗದಿರುವುದೂ ಉಂಟು. ಎಲ್ಲಿ ಆಗುತ್ತದೆ, ಯಾರಿಗೆ ಆಗುತ್ತದೆ ಎಂಬುದನ್ನು ಬಿಡಿಸಿ ನೋಡುವ ಪ್ರಯತ್ನ ಈ ಲೇಖನ.

ವ್ಯಾಪಾರ, ಒಕ್ಕಲುತನ ಮಾಡುವ ನಮಗೆ ಸಂಕ್ಷೇಪ ಹೊಸದೇನೂ ಅಲ್ಲ. ಒಡ್ಡನ್‌ಛತ್ರಂ ತರಕಾರಿ ಮಾರುಕಟ್ಟೆಗೆ ಹೋಗುವ ಮೂಟೆಯ ಮೇಲೆ ಬಣ್ಣದಲ್ಲಿ ಎರಡಕ್ಷರ ಬರೆದಿದ್ದರೆ ಸಾಕು, ಸರಕು ಯಾವ ಮಂಡಿಗೆ ಸೇರಿದ್ದು ಎಂದು ಹಮಾಲಿಗೂ ತಿಳಿಯುತ್ತದೆ. ಬೋಡಿನಾಯಕನೂರಿನ ಏಲಕ್ಕಿ ಹರಾಜಿನಲ್ಲಿ ಬೆಳೆಗಾರನ ಹೆಸರನ್ನು ಯಾರೂ ಕೂಗುವುದಿಲ್ಲ, ಲಾಟಿನ ನಂಬರೇ ಮಾತಾಡುತ್ತದೆ. ಇದರಿಂದ ಯಾರಿಗೂ ಅವಮಾನವಿಲ್ಲ. ಏಕೆಂದರೆ ಆ ಗುರುತಿನ ಹಿಂದೆ ಒಂದು ಖಾತೆ ಪುಸ್ತಕವಿದೆ. ಅದರಲ್ಲಿ ಪೂರ್ತಿ ಹೆಸರು, ಊರು, ತೂಕ, ಕೊಡಬೇಕಾದ ಹಣ ಎಲ್ಲವೂ ದಾಖಲಾಗಿದೆ. ಖಾತೆ ಪುಸ್ತಕ ಕಳೆದುಹೋದರೆ ಮೂಟೆಯ ಮೇಲಿನ ಅಕ್ಷರ ಬರಿಯ ಬಣ್ಣದ ಕಲೆ. ಬೆಳೆದವನಿಗೆ ಹಣವೂ ಇಲ್ಲ, ಹೆಸರೂ ಇಲ್ಲ.

ಆದುದರಿಂದ ಚಿಕ್ಕದು ಮಾಡುವುದೇ ತಪ್ಪು ಎಂದು ನಾನು ಹೇಳಲಾರೆ. ಪರವಸ್ತುವನ್ನು ಅಂಗೈಯಗಲಕ್ಕೆ ತಂದುಕೊಂಡು ಪೂಜಿಸುವ ಪರಂಪರೆಯವರು ನಾವು. ಸಂಕ್ಷೇಪವನ್ನು ಹೀಯಾಳಿಸುವ ಬಾಯಿ ನಮಗಿಲ್ಲ. ಆದರೆ ಒಂದು ವ್ಯತ್ಯಾಸವಿದೆ. ಕರಸ್ಥಲದ ಲಿಂಗವನ್ನು ದಿನಕ್ಕೊಮ್ಮೆಯಾದರೂ ಕಣ್ಣಿಟ್ಟು ನೋಡುತ್ತೇವೆ. ಹೆಸರಿನ ಮುಂದಿನ ಅಕ್ಷರವನ್ನು ನಾವು ನೋಡುವುದೇ ಇಲ್ಲ, ಬರೆದು ಮುಂದೆ ಹೋಗುತ್ತೇವೆ.

ಈ ಅಕ್ಷರದ ಪದ್ಧತಿಗೆ ತಮಿಳುನಾಡಿನಲ್ಲಿ ಒಂದು ಗೌರವದ ಚರಿತ್ರೆಯೂ ಇದೆ, ಅದನ್ನು ಮೊದಲು ಹೇಳುವುದು ನ್ಯಾಯ. ಅಪ್ಪನ ಹೆಸರಿನ ಮೊದಲಕ್ಷರ ಇಡುವ ರೂಢಿ ಹಳೆಯದೇ. ಆದರೆ ಅದರ ಜೊತೆಗೆ ಹೆಸರಿನ ಕೊನೆಯಲ್ಲಿ ಜಾತಿಯ ಬಾಲವೂ ಇರುತ್ತಿತ್ತು. 1929ರ ಫೆಬ್ರವರಿಯಲ್ಲಿ ಚೆಂಗಲ್ಪಟ್ಟಿನಲ್ಲಿ ನಡೆದ ಸ್ವಾಭಿಮಾನ ಚಳವಳಿಯ ಸಮ್ಮೇಳನ ಆ ಬಾಲವನ್ನು ಬಿಡಬೇಕೆಂದು ಕರೆಕೊಟ್ಟಿತು. ಬರಬರುತ್ತಾ ಜನ ಅದನ್ನು ಒಪ್ಪಿಕೊಂಡರು. ಜಾತಿ ಬಿದ್ದುಹೋಗಿ ಅಪ್ಪನ ಅಕ್ಷರ ಮಾತ್ರ ಉಳಿಯಿತು. ಸಿ.ಎನ್. ಅಣ್ಣಾದುರೈ ಎಂದರೆ ಕಾಂಜೀವರಂ ನಟರಾಜನ್ ಅಣ್ಣಾದುರೈ. ಒಂದು ಊರು, ಒಬ್ಬ ತಂದೆ, ಅಷ್ಟೆ. ಕರ್ನಾಟಕದಲ್ಲಿಯೂ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಊರು, ತಂದೆ, ಮಗ ಮೂವರೂ ಸೇರಿ ‘ಕುವೆಂಪು’ ಆದರು. ಕೇಳಬಾರದ್ದನ್ನು ಕೇಳದಂತೆ ಮುಚ್ಚುವ ಸಂಕ್ಷೇಪ ಒಳ್ಳೆಯದು. ಬಂದವನನ್ನು ಯಾರವನೆಂದು ಕೇಳಬಾರದೆಂದು ಬಸವಣ್ಣನವರಿಂದ ಕಲಿತವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಾಗಾದರೆ ತೊಡಕು ಎಲ್ಲಿ? ಮೊದಲನೆಯ ತೊಡಕು ನಮ್ಮಂಥ ಕನ್ನಡದ ಮನೆಗಳದು. ಈ ಕಣಿವೆಯಲ್ಲಿ ಕನ್ನಡ ಮಾತು ಇಂದು ನಿನ್ನೆಯದಲ್ಲ. 1906ರ ಮಧುರೆ ಗೆಜೆಟಿಯರಿನಲ್ಲಿ ಡಬ್ಲ್ಯು. ಫ್ರಾನ್ಸಿಸ್ ಅವರೂ 1909ರ ತಮ್ಮ ಗ್ರಂಥದಲ್ಲಿ ಎಡ್ಗರ್ ಥರ್ಸ್ಟನ್ ಅವರೂ ಇಲ್ಲಿನ ಕಪ್ಪಿಲಿಯರನ್ನು, ಅನುಪ್ಪರನ್ನು ಕನ್ನಡ ನುಡಿಯುವ ಒಕ್ಕಲುಮಕ್ಕಳೆಂದು ಬರೆದಿಟ್ಟಿದ್ದಾರೆ. ಇಲ್ಲಿ ಮಾತು ಕನ್ನಡ, ಬರಹ ತಮಿಳು. ಅಕ್ಷರ ಕಲಿತದ್ದು ತಮಿಳು ಶಾಲೆಯಲ್ಲಿ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪ, ಬ ಎರಡಕ್ಕೂ ಒಂದೇ ಅಕ್ಷರ. ಅವರ ಭಾಷೆಗೆ ಅದು ಸಾಕು, ಸೊಗಸಾಗಿಯೂ ಇದೆ. ನಮ್ಮ ಹೆಸರುಗಳು ಆ ಪಾತ್ರೆಯೊಳಗೆ ಇಳಿದಾಗ ಮಾತ್ರ ಏರುಪೇರು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗುರುಸಿದ್ಧಪ್ಪ ಎಂಬುವರ ಮಗಳು ಗಂಗಮ್ಮ. ಇಂಗ್ಲಿಷಿನಲ್ಲಿ ಅವಳು ‘ಜಿ. ಗಂಗಮ್ಮ’. ತಮಿಳಿನಲ್ಲಿ ತಂದೆಯ ಅಕ್ಷರ ‘ಕು’ ಎಂದಾಯಿತು. ಅದನ್ನು ನೋಡಿ ಇನ್ನೊಂದು ಕಚೇರಿಯ ಗುಮಾಸ್ತರು ಇಂಗ್ಲಿಷಿಗೆ ಇಳಿಸಿದಾಗ ‘ಕೆ. ಗಂಗಮ್ಮ’ ಆದಳು. ಬಸವರಾಜನ ಕೈಹಿಡಿದ ಮೇಲೆ ‘ಬಿ. ಗಂಗಮ್ಮ’. ತಮಿಳಿನಲ್ಲಿ ಅದು ‘ಪ’, ಅಲ್ಲಿಂದ ಮತ್ತೆ ಇಂಗ್ಲಿಷಿಗೆ ಬಂದಾಗ ‘ಪಿ. ಗಂಗಮ್ಮ’. ಒಬ್ಬಳೇ ಹೆಣ್ಣುಮಗಳು, ಹೆಸರು ಒಂದೇ. ಅಕ್ಷರ ಮಾತ್ರ ನಾಲ್ಕು. ನಾಲ್ಕು ಕಾಗದಗಳನ್ನು ಒಟ್ಟಿಗೆ ಮೇಜಿನ ಮೇಲೆ ಇಟ್ಟರೆ ಅಧಿಕಾರಿಗೆ ಕಾಣುವುದು ನಾಲ್ವರು ಗಂಗಮ್ಮಂದಿರು. 2021ರ ಡಿಸೆಂಬರಿನಲ್ಲಿ ತಮಿಳುನಾಡು ಸರ್ಕಾರ ತಮಿಳಿನಲ್ಲಿ ಹೆಸರು ಬರೆಯುವಾಗ ಮೊದಲಕ್ಷರವನ್ನೂ ತಮಿಳಿನಲ್ಲಿಯೇ ಬರೆಯಬೇಕೆಂದು ಆದೇಶ ಹೊರಡಿಸಿತು. ಭಾಷಾಭಿಮಾನದ ದೃಷ್ಟಿಯಿಂದ ಅದು ಸಹಜವಾದದ್ದೇ. ನಮ್ಮ ಮನೆಗಳವರು ಮಾತ್ರ ಆಮೇಲೆ ಕೊಂಚ ಹೆಚ್ಚು ಎಚ್ಚರದಿಂದ ಇರಬೇಕಾಯಿತು.

ಇದು ಬರಿಯ ಕಾಗದಪತ್ರದ ರಗಳೆಯೆಂದು ತಳ್ಳಿಹಾಕಬೇಡಿ. ತಮಿಳುನಾಡಿನಲ್ಲಿ 1989ರ ಮಾರ್ಚ್‌ನಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಂತೆಯೇ ಹಕ್ಕು ಬಂತು. ಆ ಹೊತ್ತಿಗಾಗಲೇ ಮದುವೆಯಾಗಿದ್ದವರನ್ನು ಅದು ಬಿಟ್ಟಿತ್ತು. 2005ರಲ್ಲಿ ಕೇಂದ್ರದ ಕಾನೂನು ತಿದ್ದುಪಡಿಯಾಯಿತು, 2020ರಲ್ಲಿ ಸುಪ್ರೀಂ ಕೋರ್ಟು ಮಗಳ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸ್ಪಷ್ಟಪಡಿಸಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಎರಡನೆಯ ಕಲಮಿನಲ್ಲಿಯೇ ವೀರಶೈವ, ಲಿಂಗಾಯತ ಎಂಬ ಹೆಸರುಗಳಿವೆ. ಆದ್ದರಿಂದ ಇದು ನಮಗೆ ಅನ್ವಯಿಸದು ಎಂದು ಯಾರೂ ಹೇಳುವಂತಿಲ್ಲ. ಇಷ್ಟೆಲ್ಲ ಇದ್ದರೂ ವಾರಿಸು ಸರ್ಟಿಫಿಕೇಟಿಗೆ ತಹಶೀಲ್ದಾರರ ಮುಂದೆ ನಿಂತಾಗ ‘ಪಿ. ಗಂಗಮ್ಮ’ ಎಂಬಾಕೆ ಗುರುಸಿದ್ಧಪ್ಪನವರ ಮಗಳೆಂದು ತೋರಿಸುವ ಕಾಗದ ಬೇಕು. ಅವಳ ಶಾಲೆಯ ದಾಖಲೆ ಅಣ್ಣತಮ್ಮಂದಿರ ಮನೆಯ ಪೆಟ್ಟಿಗೆಯಲ್ಲಿರುತ್ತದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನು ಕಾನೂನು ತೆಗೆದುಹಾಕಿದರೂ ಹೆಸರಿನ ಮುಂದಿನ ಒಂದಕ್ಷರ ಅದನ್ನು ಸದ್ದಿಲ್ಲದೆ ಕಾಯ್ದುಕೊಂಡು ಬರುತ್ತಿದೆ. ಪೆಟ್ಟಿಗೆಯಿಂದ ಆ ಕಾಗದ ತೆಗೆದುಕೊಡುವುದು, ಕೊಡದಿರುವುದು ಅಣ್ಣತಮ್ಮಂದಿರ ಕೈಯಲ್ಲಿದೆ. ಧರ್ಮಸಂಕಟ ಎನ್ನುತ್ತೇವಲ್ಲ, ಅದು ಪುರಾಣದಲ್ಲಿ ಮಾತ್ರ ಇರುವುದಲ್ಲ.

ಹೆಣ್ಣನ್ನು ಸಂಬಂಧದಿಂದಲೇ ಗುರುತಿಸಿ ಅವಳ ಹೆಸರನ್ನು ಬಿಟ್ಟುಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ದೇಶದ ಮೊದಲ ಮಹಾಚುನಾವಣೆಯೇ ಸಾಕ್ಷಿ. 1951-52ರ ಚುನಾವಣೆಗೆ ಮತದಾರರ ಪಟ್ಟಿ ಮಾಡುವಾಗ ಉತ್ತರದ ಹಲವು ಪ್ರಾಂತ್ಯಗಳಲ್ಲಿ ಹೆಂಗಸರು ತಮ್ಮ ಹೆಸರು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಅವರು ಅದನ್ನು ಒಪ್ಪದೆ ಹೆಸರೇ ಬೇಕೆಂದು ಪಟ್ಟುಹಿಡಿದರು. ಕೊನೆಗೆ ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ 28 ಲಕ್ಷದಷ್ಟು ಮಂದಿಯ ನಮೂದುಗಳನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ನಿಷ್ಠುರವಾದ ತೀರ್ಮಾನ ಅದು. ಆ 28 ಲಕ್ಷ ಮಂದಿ ಆ ಸಲ ಮತ ಹಾಕಲಾರದೆ ಹೋದರು. ಆದರೂ ಸೇನ್ ಅವರು ಮಾಡಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಮತ ಹಾಕುವುದು ಒಬ್ಬ ಮನುಷ್ಯಳು, ಒಂದು ಸಂಬಂಧವಲ್ಲ. ಮುಂದಿನ ಚುನಾವಣೆಯ ಹೊತ್ತಿಗೆ ಬಹಳಷ್ಟು ಮಂದಿ ಹೆಸರು ಹೇಳಿ ಪಟ್ಟಿಗೆ ಸೇರಿದರು.

ನಮ್ಮ ಮನೆಗಳಲ್ಲೂ ಗಂಡನ ಹೆಸರು ಹೇಳದ ಹಿರಿಯರಿದ್ದರು, ಈಗಲೂ ಇದ್ದಾರೆ. ಪಕ್ಕದಲ್ಲಿ ನಿಂತ ಮೊಮ್ಮಗನಿಗೆ ‘ನಿಮ್ಮ ತಾತನ ಹೆಸರು ಹೇಳಪ್ಪ’ ಎಂದು ಸನ್ನೆ ಮಾಡುವ ಅಜ್ಜಿಯನ್ನು ಯಾವ ಕಚೇರಿಯಲ್ಲಾದರೂ ನೋಡಬಹುದು. ಅದು ಗೌರವದ ಮೌನ, ಅದನ್ನು ಆಡಿಕೊಳ್ಳಬಾರದು. ಆದರೆ ಗಂಡನ ಹೆಸರು ಹೇಳದವಳಿಗೆ ತನ್ನ ಹೆಸರನ್ನು ಹೇಳುವ ಸಂದರ್ಭವೂ ಬಾಳಿನಲ್ಲಿ ಹೆಚ್ಚು ಬರಲಿಲ್ಲ ಎಂಬುದು ಇದರ ಇನ್ನೊಂದು ಮುಖ. ತವರಿನಲ್ಲಿ ‘ಪಾಪು’, ಗಂಡನ ಮನೆಯಲ್ಲಿ ‘ಅತ್ತಿಗೆ’, ಆಮೇಲೆ ಮಗನ ಹೆಸರು ಹಿಡಿದು ‘ಇಂಥವನ ಅವ್ವ’, ಕಾಗದದಲ್ಲಿ ‘ಡಬ್ಲ್ಯು/ಒ’. ಇಂಗ್ಲಿಷಿನವರು ಈ ‘ಡಬ್ಲ್ಯು/ಒ’ ಎಂಬುದನ್ನು ‘ಇಲ್ಲದೆ’ ಎಂಬ ಅರ್ಥದಲ್ಲಿಯೂ ಬಳಸುತ್ತಾರೆಂದು ಕೇಳಿದಾಗ ನನಗೆ ನಗು ಬಂತು, ಆಮೇಲೆ ನಗು ನಿಂತಿತು. ಕರ್ನಾಟಕದ ಪಹಣಿಯಲ್ಲಿ ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ. ‘ಬಿನ್’ ಅರಬ್ಬಿ ಮಾತು. ಅಷ್ಟು ದೂರದಿಂದ ಬಂದ ಸಂಕ್ಷೇಪವನ್ನು ನಮ್ಮ ರೈತರು ತಲೆತಲಾಂತರದಿಂದ ತಮ್ಮ ಹೆಸರಿನ ಮಧ್ಯೆ ಹೊತ್ತುಕೊಂಡಿದ್ದಾರೆ, ಯಾರೂ ಬೇಸರಪಟ್ಟದ್ದಿಲ್ಲ. ತಮಿಳು ಕಾಗದಗಳಲ್ಲಿ ‘ತ/ಪೆ’ ಎಂದರೆ ತಂದೆಯ ಹೆಸರು, ‘ಕ/ಪೆ’ ಎಂದರೆ ಗಂಡನ ಹೆಸರು. ತಾಯಿಯ ಹೆಸರಿಗೆ ಅಂಥ ಸಂಕ್ಷೇಪ ಅಷ್ಟಾಗಿ ರೂಢಿಗೆ ಬಂದಿಲ್ಲ. ಬರೆಯುವ ಪ್ರಸಂಗವೇ ಕಡಿಮೆಯಿದ್ದರೆ ಚಿಕ್ಕದು ಮಾಡುವ ಅಗತ್ಯವಾದರೂ ಎಲ್ಲಿಂದ ಬರಬೇಕು?

ಈ ವಿಷಯದಲ್ಲಿ ಶರಣರ ಕಾಲ ಹೇಗಿತ್ತು ಎಂದು ನೋಡಿದರೆ ಚಿತ್ರ ಒಂದೇ ಬಣ್ಣದ್ದಲ್ಲ. ವಚನ ಸಂಪುಟಗಳಲ್ಲಿ ಕಾಳವ್ವೆ ಎಂಬ ಹೆಸರಿನ ಹಲವರು ಬರುತ್ತಾರೆ. ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ, ಬಾಚಿಕಾಯಕದ ಬಸವಯ್ಯಗಳ ಪುಣ್ಯಸ್ತ್ರೀ ಕಾಳವ್ವೆ, ಸಿದ್ಧಬುದ್ಧಯ್ಯಗಳ ಪುಣ್ಯಸ್ತ್ರೀ ಕಾಳವ್ವೆ. ಗಂಡನ ಹೆಸರು ತೆಗೆದರೆ ಯಾವ ಕಾಳವ್ವೆ ಯಾರೆಂದು ತಿಳಿಯುವುದೇ ಇಲ್ಲ. ಆಯ್ದಕ್ಕಿ ಲಕ್ಕಮ್ಮನ ಅಂಕಿತದಲ್ಲಿ ‘ಮಾರಯ್ಯಪ್ರಿಯ’ ಎಂದು ಗಂಡನ ಹೆಸರಿದೆ. ಆದರೆ ಅಕ್ಕಿ ಹೆಚ್ಚು ಆಯ್ದು ತಂದ ಅದೇ ಮಾರಯ್ಯನನ್ನು ಹಿಂದಕ್ಕೆ ಕಳಿಸಿದವಳೂ ಅವಳೇ. ಅವಳ ಹೆಸರಿನ ಮುಂದೆ ನಿಂತದ್ದು ಗಂಡನಲ್ಲ, ಆಯ್ದಕ್ಕಿ ಎಂಬ ಕಾಯಕ. ಮುಕ್ತಾಯಕ್ಕ ತನ್ನ ಅಣ್ಣ ಅಜಗಣ್ಣನ ಹೆಸರನ್ನೇ ಅಂಕಿತ ಮಾಡಿಕೊಂಡಳು. ಅವನು ಬಯಲಾದ ಮೇಲೆ ಅವನನ್ನು ಪೂರ್ತಿಯಾಗಿ ಉಳಿಸಿಕೊಳ್ಳಲು ಅವಳಿಗೆ ದೊರೆತ ದಾರಿ ಅದು. ಗಂಗಾಂಬಿಕೆಯ ಅಂಕಿತದಲ್ಲಿಯಂತೂ ಅವಳ ಸ್ವಂತ ಹೆಸರೇ ಮೊದಲು, ‘ಗಂಗಾಪ್ರಿಯ ಕೂಡಲಸಂಗಮದೇವ’. ಕದಿರ ರೆಮ್ಮವ್ವೆ ನೂಲುವ ಕದಿರನ್ನು ಹೆಸರಿಗೆ ತಂದಳು. ಅಂದರೆ ಹೆಸರಿನ ಜೊತೆಗೆ ಏನನ್ನು ಇಟ್ಟುಕೊಳ್ಳಬೇಕೆಂಬ ಆಯ್ಕೆ ಅವರಲ್ಲಿ ಕೆಲವರಿಗಾದರೂ ಇತ್ತು. ನಮ್ಮ ಗಂಗಮ್ಮನಿಗೆ ಜಿ, ಕೆ, ಬಿ, ಪಿ ಎಂಬ ನಾಲ್ಕನ್ನೂ ಬೇರೆಯವರು ಬರೆದುಕೊಟ್ಟರು.

ಇತ್ತೀಚೆಗೆ ಸರ್ಕಾರದ ಕಾಗದಗಳೂ ಕೊಂಚ ಸಡಿಲವಾಗಿವೆ. ಪಾಸ್‌ಪೋರ್ಟಿಗೆ ತಂದೆ ತಾಯಿಯರಲ್ಲಿ ಒಬ್ಬರ ಹೆಸರು ಸಾಕೆಂದು 2016ರ ಕೊನೆಯಲ್ಲಿ ನಿಯಮ ಬಂತು. ತಾಯಿ ಒಬ್ಬಳೇ ಸಾಕಿದ ಮಕ್ಕಳಿಗೆ ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರು ಕಡ್ಡಾಯವಲ್ಲವೆಂದು 2018ರಲ್ಲಿ ಆಯಿತು. ಮಹಾರಾಷ್ಟ್ರದಲ್ಲಿ 2024ರ ಮೇ 1ರಿಂದ ಹುಟ್ಟಿದ ಮಕ್ಕಳಿಗೆ ಸರ್ಕಾರಿ ದಾಖಲೆಗಳಲ್ಲಿ ತಾಯಿಯ ಹೆಸರು ಸೇರಿಸುವುದು ಕಡ್ಡಾಯ. ಇವೆಲ್ಲ ಒಳ್ಳೆಯ ಸುದ್ದಿಗಳೇ.

ಈಗ ಮಕ್ಕಳ ಮೊಬೈಲಿನ ಅಕ್ಷರಗಳಿಗೆ ಬರೋಣ. ಇಲ್ಲಿಯ ಕಷ್ಟ ಬೇರೆ ಬಗೆಯದು. ಇಂಗ್ಲಿಷಿನ ‘ಎಸ್.ಐ.ಎಲ್.’ ಎಂದರೆ ಅತ್ತಿಗೆಯೂ ಹೌದು, ನಾದಿನಿಯೂ ಹೌದು, ಓರಗಿತ್ತಿಯೂ ಹೌದು. ಕೆಲವರು ಅಳಿಯನಿಗೂ ಅದನ್ನೇ ಬರೆಯುತ್ತಾರೆ. ‘ಬಿ.ಐ.ಎಲ್.’ ಎಂದರೆ ಭಾವನೋ, ಮೈದುನನೋ, ಷಡ್ಡಕನೋ ದೇವರಿಗೇ ಗೊತ್ತು. ಬೀಗರು, ಬೀಗಿತ್ತಿ ಎಂಬುದಕ್ಕಂತೂ ಅವರಲ್ಲಿ ಅಕ್ಷರವಿರಲಿ, ಮಾತೇ ಇಲ್ಲ. ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ ಎಂಬ ವಿದ್ವಾಂಸರು 1871ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಲೋಕದ ನಾನಾ ಜನಾಂಗಗಳ ನಂಟಿನ ಹೆಸರುಗಳನ್ನು ಪಟ್ಟಿ ಮಾಡಿದರು. ಅದರಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಇವೆ. ತಾಯಿಯ ಅಕ್ಕತಂಗಿಯರನ್ನು ನಾವು ದೊಡ್ಡಮ್ಮ, ಚಿಕ್ಕಮ್ಮ ಎಂದು ತಾಯಿಯ ಸಾಲಿನಲ್ಲಿಯೇ ನಿಲ್ಲಿಸುತ್ತೇವೆ. ತಂದೆಯ ಅಕ್ಕತಂಗಿಯರನ್ನು ಮಾತ್ರ ಅತ್ತೆ ಎಂದು ಬೇರೆ ಮಾಡುತ್ತೇವೆ. ಇಂಥ ಕ್ರಮ ಅವರನ್ನು ಬೆರಗುಗೊಳಿಸಿತ್ತು.

ಇಂಗ್ಲಿಷಿನ ಆ ‘ಎಲ್’ ಅಂದರೆ ಕಾನೂನು. ಮದುವೆಯಿಂದ ಬಂದ ನಂಟರನ್ನೂ ಸ್ವಂತ ರಕ್ತದವರಂತೆ ಎಣಿಸಿ, ಅವರನ್ನು ಮತ್ತೆ ಮದುವೆಯಾಗಬಾರದೆಂದು ತಡೆದ ಅವರ ಚರ್ಚಿನ ಕಟ್ಟಳೆಯದು ಆ ಮಾತು. ನಮ್ಮ ಕಡೆ ಇದು ತಿರುಗುಮುರುಗು. ಸೋದರತ್ತೆಯ ಮಗ, ಸೋದರಮಾವನ ಮಗಳು ಎಂದರೆ ಮದುವೆಗೆ ಮೊದಲ ಹಕ್ಕುಳ್ಳವರು ಎಂದು ಹಿಂದಿನವರು ತಿಳಿದಿದ್ದರು. ಅಕ್ಕನ ಮಗಳನ್ನು ತಂದುಕೊಂಡ ಮನೆಗಳೂ ಈ ಕಣಿವೆಯಲ್ಲಿ ಉಂಟು. ಅಂಥ ಮನೆಯ ಸೊಸೆ ‘ಎಂ.ಐ.ಎಲ್.’ ಎಂದು ಬರೆದರೆ ಅವಳು ಬರೆಯುತ್ತಿರುವುದು ತನ್ನನ್ನು ಎತ್ತಿ ಆಡಿಸಿದ ಅಜ್ಜಿಯ ಬಗ್ಗೆ! ಇಂಥ ಹತ್ತಿರದ ಮದುವೆಗಳು ಬೇಡವೆಂದು ಇಂದು ವೈದ್ಯರು ಹೇಳುತ್ತಾರೆ, ಆ ಮಾತನ್ನು ಕೇಳಬೇಕು. ನಾನು ಹೇಳುತ್ತಿರುವುದು ಮಾತಿನ ವಿಷಯ ಮಾತ್ರ.

ನಮ್ಮ ನಂಟಿನ ಹೆಸರುಗಳು ಬರಿಯ ಗುರುತಲ್ಲ. ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಕರ್ತವ್ಯ ಕಟ್ಟಿಟ್ಟಿದೆ. ಕಿವಿ ಚುಚ್ಚುವಾಗ ಮಗು ಕೂರುವುದು ಸೋದರಮಾವನ ತೊಡೆಯ ಮೇಲೆ. ತಮಿಳರಲ್ಲಿ ತಾಯ್‌ಮಾಮನ್ ತರುವ ಸೀರ್ ಎಂದರೆ ಊರೇ ನಿಂತು ನೋಡುತ್ತದೆ. ಅಕ್ಕತಂಗಿಯರ ಮಕ್ಕಳಿಗೆ ಕಷ್ಟ ಬಂದಾಗ ಮೊದಲು ಬಾಗಿಲು ತಟ್ಟುವುದು ಅವನ ಮನೆಯದು. ಅವನನ್ನು ‘ಅಂಕಲ್’ ಎಂದು ಕರೆದರೆ ಅವನು ಪಕ್ಕದ ಮನೆಯವನ, ಬಸ್ಸಿನಲ್ಲಿ ಸಿಕ್ಕವನ ಸಾಲಿಗೆ ಸೇರಿದ. ಆಮೇಲೆ ಅವನು ಬಾರದಿದ್ದರೆ ಯಾವ ಮಾತು ಹಿಡಿದು ಕೇಳುವುದು? ಹೆಸರು ಸವೆದ ಮೇಲೂ ಕರ್ತವ್ಯ ಉಳಿಯಬಹುದು, ಉಳಿದ ಮನೆಗಳನ್ನು ನಾನು ಬಲ್ಲೆ. ಆದರೆ ಕರ್ತವ್ಯವನ್ನು ನೆನಪಿಸುವ ಗಂಟೆ ಒಂದು ಕಡಿಮೆಯಾಯಿತು.

ಮಕ್ಕಳ ಪರವಾಗಿಯೂ ಒಂದು ಮಾತು. ಹೊರಗಿನವರ ಮುಂದೆ ಮನೆಯ ಕಷ್ಟ ಹೇಳಿಕೊಳ್ಳುವ ಸೊಸೆಗೆ ಅತ್ತೆಯ ಹೆಸರು ಹೇಳದೆ ಮೂರಕ್ಷರದಲ್ಲಿ ಮುಗಿಸುವುದು ಒಂದು ಮರ್ಯಾದೆಯೂ ಆಗಬಹುದು. ಊರ ಬಾಯಿಗೆ ಹೆಸರು ಕೊಡದಿರುವುದು ನಮ್ಮ ಹಿರಿಯರೂ ಮೆಚ್ಚುತ್ತಿದ್ದ ಗುಣವೇ. ಇನ್ನು ಆ ‘ಡಿ.ಎಚ್.’ನಲ್ಲಿ ಇರುವ ‘ಪ್ರಿಯ’ ಎಂಬ ಅಕ್ಷರ ಗಂಡನ ಮೇಲೆ ಸಿಡಿಮಿಡಿಗೊಂಡು ಬರೆದ ಸಾಲಿನಲ್ಲೂ ಹಾಗೆಯೇ ನಿಂತಿರುತ್ತದೆಂದು ಕೇಳಿದ್ದೇನೆ. ನಗಬೇಕಾಗಿಲ್ಲ, ನಮ್ಮದೂ ಅದೇ ಕಥೆ. ತಪ್ಪು ಮಾಡಿದ ಮಗನಿಗೆ ಬೈದು ಬರೆದ ಕಾಗದವೂ ‘ಚಿ||’ ಎಂದೇ ಆರಂಭವಾಗುತ್ತಿತ್ತು. ಬೈಗುಳಕ್ಕೆ ಮುಂಚೆ ‘ಚಿರಂಜೀವಿಯಾಗಿರು’ ಎಂಬ ಹರಕೆ. ಬರೆಯುವ ಕೈ ಅದನ್ನು ಯೋಚಿಸದೆ ಬರೆದಿರಬಹುದು, ಓದಿದ ಮಗನಿಗೆ ಅದು ತಲುಪದೆ ಇರುತ್ತಿರಲಿಲ್ಲ.

‘ಚಿ||’ ಎಂಬುದು ಎಲ್ಲರಿಗೂ ದೊರೆಯುವ ಹರಕೆ. ‘ಸೌ||’ ಹಾಗಲ್ಲ, ಅದು ಗಂಡನಿರುವವರೆಗೆ ಮಾತ್ರ. ಲಗ್ನಪತ್ರಿಕೆಯಲ್ಲಿ ಅತ್ತೆಯ, ದೊಡ್ಡಮ್ಮನ ಹೆಸರಿನ ಮುಂದೆ ಆ ಅಕ್ಷರ ಇದೆಯೋ ಇಲ್ಲವೋ ಎಂದು ನೋಡಿದರೆ ಮನೆಯಲ್ಲಿ ಯಾರು ವಿಧವೆ ಎಂಬುದು ಊರಿಗೆಲ್ಲ ಗೊತ್ತಾಗುತ್ತದೆ. ಗಂಡನ ಹೆಸರಿನ ಮುಂದಿನ ‘ಲಿಂ||’ ಎಂಬುದಾದರೂ ಲಿಂಗದಲ್ಲಿ ಐಕ್ಯನಾದ ಗೌರವವನ್ನು ಅವನಿಗೆ ಕೊಡುತ್ತದೆ. ಅವಳಿಂದ ಮಾತ್ರ ಒಂದು ಅಕ್ಷರ ಕಿತ್ತುಕೊಳ್ಳುತ್ತದೆ. ಮರಾಠಿಯಲ್ಲಿ ವಿಧವೆಯರ ಹೆಸರಿನ ಮುಂದೆ ‘ಗಂ.ಭಾ.’, ಅಂದರೆ ಗಂಗಾ ಭಾಗೀರಥಿ ಎಂದು ಬರೆಯುವ ಹಳೆಯ ರೂಢಿ ಉಂಟು. 2023ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ಸಚಿವರೊಬ್ಬರು ವಿಧವೆ ಎಂಬ ಮಾತಿಗೆ ಬದಲಾಗಿ ಇದನ್ನೇ ಸರ್ಕಾರಿ ಬಳಕೆಗೆ ತರುವ ಸೂಚನೆ ಮುಂದಿಟ್ಟಾಗ ದೊಡ್ಡ ವಿರೋಧ ಎದ್ದಿತು. ಎಷ್ಟು ಪವಿತ್ರ ನದಿಯ ಹೆಸರಿಟ್ಟರೂ ಗುರುತು ಗುರುತೇ ಎಂದು ಆ ಹೆಣ್ಣುಮಕ್ಕಳು ಹೇಳಿದ್ದರಲ್ಲಿ ಹುರುಳಿದೆ. ತಮಿಳುನಾಡಿನಲ್ಲಿ 1967ರಲ್ಲಿ ಅಧಿಕಾರಕ್ಕೆ ಬಂದ ಅಣ್ಣಾದುರೈ ಅವರ ಸರ್ಕಾರ ಶ್ರೀ, ಶ್ರೀಮತಿಗಳ ಬದಲಿಗೆ ತಂದ ‘ತಿರು’, ‘ತಿರುಮತಿ’ಗಳಲ್ಲಿ ಈ ತೊಡಕಿಲ್ಲ, ಗಂಡ ಇದ್ದರೂ ತಿರುಮತಿ, ಇಲ್ಲದಿದ್ದರೂ ತಿರುಮತಿ. ಮದುವೆಯಾಗದವಳು ಮಾತ್ರ ‘ಸೆಲ್ವಿ’. ನೆರೆಯವರಿಂದ ಇಷ್ಟನ್ನು ಕಲಿಯಲು ನಮಗೆ ನಾಚಿಕೆ ಬೇಡ. ಸೂತಕವಿಲ್ಲವೆಂದು ಸಾರಿದ ಧರ್ಮದವರು ಲಗ್ನಪತ್ರಿಕೆಯಲ್ಲಿ ಸೂತಕದ ಅಕ್ಷರವನ್ನು ಏಕೆ ಇಟ್ಟುಕೊಳ್ಳಬೇಕು? ‘ಸೌ||’ ಬಿಟ್ಟು ಎಲ್ಲ ಹಿರಿಯ ಹೆಣ್ಣುಮಕ್ಕಳಿಗೂ ‘ಶ್ರೀಮತಿ’ ಎಂದೋ ‘ಶರಣೆ’ ಎಂದೋ ಒಂದೇ ಬಗೆಯಲ್ಲಿ ಅಚ್ಚು ಹಾಕಿಸಬಹುದು. ಮುದ್ರಣಾಲಯದವರಿಗೆ ಹೇಳಿದರೆ ಸಾಕು, ಖರ್ಚು ಒಂದು ಪೈಸೆಯೂ ಹೆಚ್ಚಾಗದು.

ಅಪ್ಪನ ಅಕ್ಷರದ ಇನ್ನೊಂದು ಸ್ವಭಾವವನ್ನು ಹೇಳಿಲ್ಲ. ಅದು ಒಂದೇ ತಲೆಮಾರು ಬದುಕುತ್ತದೆ. ಅಪ್ಪನ ಹೆಸರು ಮಗನ ಅಕ್ಷರ. ಮಗನ ಹೆಸರು ಮೊಮ್ಮಗನ ಅಕ್ಷರ. ಅಷ್ಟರಲ್ಲಿ ತಾತ ಪೂರ್ತಿಯಾಗಿ ಹೊರಗೆ. ಕರ್ನಾಟಕದಲ್ಲಿ ಮನೆತನದ ಹೆಸರುಳ್ಳವರಿಗೆ ಆ ಹೆಸರಾದರೂ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತದೆ, ಈ ಕಡೆ ಹಾಗಿಲ್ಲ. 1985ರಲ್ಲಿ ದಿಂಡಿಗಲ್, 1996ರಲ್ಲಿ ತೇನಿ ಬೇರೆ ಜಿಲ್ಲೆಗಳಾದವು. ಅದಕ್ಕೆ ಹಿಂದಿನ ಪತ್ರಗಳಲ್ಲೆಲ್ಲ ಮಧುರೆ ಜಿಲ್ಲೆ ಎಂದೇ ಇದೆ. ಹಳೆಯ ಕ್ರಯಪತ್ರವೊಂದನ್ನು ತೆಗೆದರೆ ಜಿಲ್ಲೆ ಬೇರೆ, ತಾಲ್ಲೂಕು ಬೇರೆ, ಸರ್ವೆ ನಂಬರು ಬೇರೆ, ಅದರ ಕೆಳಗೆ ಒಂದಕ್ಷರ, ಚುಕ್ಕೆ, ಒಂದು ಹೆಸರು. ಆ ಅಕ್ಷರ ಯಾರದೆಂದು ಹೇಳುವವರು ಮನೆಯಲ್ಲಿ ಯಾರೂ ಉಳಿದಿಲ್ಲದಿದ್ದರೆ ನೆಲ ಯಾರಿಂದ ಬಂತೆಂಬುದೂ ತಿಳಿಯದು.

ಇದಕ್ಕೆ ಮಾಡಬಹುದಾದ ಕೆಲಸ ಒಂದಿದೆ, ಕಷ್ಟದ್ದೇನೂ ಅಲ್ಲ. ಮನೆಯಲ್ಲಿ ಒಂದು ದಪ್ಪ ನೋಟುಪುಸ್ತಕ ಇಡಿ. ಮನೆಯ ಪ್ರತಿಯೊಬ್ಬರ ಹೆಸರಿನ ಎದುರು ಆ ಅಕ್ಷರವನ್ನು ಬಿಡಿಸಿ ಪೂರ್ತಿ ಬರೆಯಿರಿ: ಕನ್ನಡದಲ್ಲಿ, ತಮಿಳಿನಲ್ಲಿ, ಇಂಗ್ಲಿಷಿನಲ್ಲಿ, ಮೂರರಲ್ಲೂ. ಕನ್ನಡ ಬರೆಯಲು ಬಾರದವರು ಬಲ್ಲವರಿಂದ ಬರೆಸಬಹುದು. ‘ಬ’ ಎಂಬುದು ‘ಬ’ ಎಂದೇ ಉಳಿಯುವ ಜಾಗ ಒಂದಾದರೂ ಇರಲಿ. ಹೆಣ್ಣುಮಕ್ಕಳ ಹೆಸರಿನ ಎದುರು ಮದುವೆಗೆ ಮುಂಚಿನ ಅಕ್ಷರ, ನಂತರದ ಅಕ್ಷರ, ಮದುವೆಯಾದ ವರ್ಷ ಮೂರನ್ನೂ ಬರೆಯಿರಿ. ಶಾಲೆಯ ದಾಖಲೆಯ ನೆರಳಚ್ಚು ತೆಗೆಸಿ ಅವರ ಕೈಗೇ ಕೊಡಿ; ಅಣ್ಣನ ಪೆಟ್ಟಿಗೆಯಲ್ಲಿ ಅದಕ್ಕೇನು ಕೆಲಸ? ಆಮೇಲೆ ಹಿಂದಕ್ಕೆ ಹೋಗಿ. ಅಪ್ಪ, ತಾತ, ಮುತ್ತಾತನವರೆಗೆ ಹೆಚ್ಚಿನವರು ನಿಲ್ಲದೆ ಬರೆಯುತ್ತಾರೆ. ಅವ್ವನ ಹೆಸರೂ ಬರುತ್ತದೆ. ಅವ್ವನ ಅವ್ವನ ಹೆಸರಿಗೆ ಬಂದಾಗ ಕೈ ತಡೆಯುತ್ತದೆ, ಮನೆಯ ಹಿರಿಯರನ್ನು ಕೇಳಬೇಕಾಗುತ್ತದೆ. ಅವರು ಇನ್ನೂ ಇರುವಾಗ, ಬರುವ ಸೋಮವಾರ ಪೂಜೆ ಮುಗಿದ ಮೇಲೆ, ಕೇಳಿ ಬರೆದುಕೊಳ್ಳಿರಿ.